ಪ್ರತಿ ಮಗುವಿನ ಕೈಗೂ ಒಂದು ಮೈಕ್ರೋಸ್ಕೋಪ್: ನಮ್ಮ ಹೈಸ್ಕೂಲಿನಲ್ಲಿ ಫೋಲ್ಡ್‌ಸ್ಕೋಪ್

ಕಾಗದ ಮಡಚಿ ಮಾಡುವ ಮೈಕ್ರೋಸ್ಕೋಪ್, ಅಂದರೆ ಫೋಲ್ಡ್‌ಸ್ಕೋಪ್, ಶಾಲೆಗೆ ತರಿಸಬಹುದಾ, ದುಡ್ಡು ದಂಡ ಆಗಲ್ಲ ತಾನೆ ಅಂತ ವಿಜ್ಞಾನ ಶಿಕ್ಷಕರ ಮೀಟಿಂಗ್‌ಗಳಲ್ಲಿ ಯಾರಾದರೂ ಕೇಳುತ್ತಲೇ ಇರುತ್ತಾರೆ. ಊಟದ ಬಿಡುವಿನಲ್ಲಿ ಅರ್ಧಂಬರ್ಧ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೆ ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಾನು ತಿಪಟೂರು ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕಿ. ಸುತ್ತ ಎಲ್ಲಿ ನೋಡಿದರೂ ತೆಂಗಿನ ತೋಟ, ನಡುನಡುವೆ ರಾಗಿ ಹೊಲ. ಮಕ್ಕಳಲ್ಲಿ ಹೆಚ್ಚಿನವರು ತೋಟದ ಮನೆಗಳವರು, ಇನ್ನು ಕೆಲವರು ಕೊಬ್ಬರಿ ಸುಲಿಯುವ, ಕಾಯಿ ಕೀಳುವ ಕೆಲಸದವರ ಮನೆಯವರು. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ತರಿಸಿ. ಆದರೆ ಶಾಲೆಗೆ ಒಂದೋ ಎರಡೋ ಅಲ್ಲ, ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೋ ಅಷ್ಟು. ಮತ್ತೆ ಅದನ್ನು ಮಕ್ಕಳು ಮನೆಗೆ ತಗೊಂಡು ಹೋಗಲು ಬಿಡಿ. ಇವೆರಡೂ ಆಗಲ್ಲ ಅನ್ನುವುದಾದರೆ ಆ ದುಡ್ಡಿನಲ್ಲಿ ಬೇರೆ ಏನಾದರೂ ತನ್ನಿ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಹೈಸ್ಕೂಲಿನ ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಆಗುವುದು ಇಷ್ಟೇ. ಬೀರುವಿನಲ್ಲಿ ಒಂದು ಸೂಕ್ಷ್ಮದರ್ಶಕ ಇರುತ್ತದೆ. ಒಂಬತ್ತನೇ ತರಗತಿಗೆ ಜೀವಕೋಶದ ಪಾಠ ಬಂದಾಗ ಅದು ಹೊರಗೆ ಬರುತ್ತದೆ. ಟೀಚರ್ ಈರುಳ್ಳಿ ಸಿಪ್ಪೆಯ ಸ್ಲೈಡ್ ಮಾಡಿ, ಫೋಕಸ್ ಮಾಡಿ ಇಡುತ್ತಾರೆ. ನಲವತ್ತು ಮಕ್ಕಳು ಸಾಲಾಗಿ ನಿಲ್ಲುತ್ತಾರೆ. "ಯಾವುದನ್ನೂ ಮುಟ್ಟಬೇಡಿ, ಸುಮ್ನೆ ನೋಡಿ" ಅಂತ ಮೊದಲೇ ಹೇಳಿರುತ್ತೇವೆ. ಒಬ್ಬೊಬ್ಬರಿಗೆ ಸಿಗುವುದು ಕೆಲವೇ ಕ್ಷಣ. ಹಿಂದೆ ನಿಂತವರು ತಳ್ಳುತ್ತಿರುತ್ತಾರೆ. "ಕಾಣ್ತಾ?" ಅಂದರೆ "ಕಾಣ್ತು ಮೇಡಂ" ಅನ್ನುತ್ತಾರೆ. ಆಮೇಲೆ ಚಿತ್ರ ಬರೆಯಿರಿ ಅಂದರೆ ಎಲ್ಲರೂ ಪುಸ್ತಕ ತೆರೆದು ಅದರಲ್ಲಿರುವುದನ್ನೇ ಇಳಿಸುತ್ತಾರೆ. ಎಷ್ಟು ಜನಕ್ಕೆ ನಿಜವಾಗಿ ಕಂಡಿತು ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಈ "ಮುಟ್ಟಬೇಡಿ" ಅನ್ನುವ ಮಾತಿಗೂ ಫೋಲ್ಡ್‌ಸ್ಕೋಪ್ ಹುಟ್ಟಿದ್ದಕ್ಕೂ ಸಂಬಂಧ ಇದೆ. ಇದನ್ನು ಮಾಡಿದವರು ಮನು ಪ್ರಕಾಶ್. ಮೀರತ್‌ನಲ್ಲಿ ಹುಟ್ಟಿ, ಕಾನ್ಪುರ ಐಐಟಿಯಲ್ಲಿ ಓದಿ, ಈಗ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದಾರೆ. ಭಾರತ, ಥಾಯ್ಲೆಂಡ್ ಮುಂತಾದ ಕಡೆ ದೂರದ ಸಂಶೋಧನಾ ಕೇಂದ್ರಗಳಿಗೆ ಹೋದಾಗ ಅವರು ಒಂದು ವಿಷಯ ಗಮನಿಸಿದರು. ದುಬಾರಿ ಮೈಕ್ರೋಸ್ಕೋಪ್‌ಗಳು ಇದ್ದವು, ಆದರೆ ಹಾಳಾಗಿಬಿಟ್ಟರೆ ಅನ್ನುವ ಭಯಕ್ಕೆ ಯಾರೂ ಅವನ್ನು ಬಳಸುತ್ತಿರಲಿಲ್ಲ. ಹಾಗಾದರೆ ಭಯವಿಲ್ಲದೆ ಬಳಸುವಂಥದ್ದೇ ಒಂದು ಮಾಡೋಣ ಅಂತ ಅವರು ಮತ್ತು ಅವರ ವಿದ್ಯಾರ್ಥಿ ಜಿಮ್ ಸಿಬುಲ್ಸ್ಕಿ ಸೇರಿ ಕಾಗದ ಮಡಚಿ ಮಾಡುವ ಮೈಕ್ರೋಸ್ಕೋಪ್ ತಯಾರಿಸಿದರು. 2014ರಲ್ಲಿ ಅದರ ಬಗ್ಗೆ ಪ್ಲಾಸ್ ಒನ್ ಅನ್ನುವ ಪತ್ರಿಕೆಯಲ್ಲಿ ಪ್ರಬಂಧ ಬಂತು. ಬಿಡಿಭಾಗಗಳ ಖರ್ಚು ಒಂದು ಡಾಲರಿಗಿಂತ ಕಡಿಮೆ, ತೂಕ 10 ಗ್ರಾಂ ಕೂಡ ಇಲ್ಲ. 2015ರಲ್ಲಿ ನಮ್ಮ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಪ್ರಕಾಶ್ ಅವರ ಲ್ಯಾಬ್ ಜೊತೆ ಒಪ್ಪಂದ ಮಾಡಿಕೊಂಡಿತು. ಇವತ್ತಿಗೆ ಜಗತ್ತಿನಲ್ಲಿ 10 ಲಕ್ಷಕ್ಕೂ ಹೆಚ್ಚು ಫೋಲ್ಡ್‌ಸ್ಕೋಪ್‌ಗಳು ಹಂಚಿಕೆಯಾಗಿವೆ.

ಈಗ ವಸ್ತುವಿನ ವಿಷಯಕ್ಕೆ ಬರೋಣ. ಕವರ್ ಒಡೆದರೆ ಒಳಗೆ ಗಟ್ಟಿ ಹಾಳೆ. ಅದರಲ್ಲಿ ಬಿಡಿಭಾಗಗಳು ಅರ್ಧ ಕತ್ತರಿಸಿದ ಹಾಗೆ ಇರುತ್ತವೆ. ಒತ್ತಿ ಬಿಡಿಸಿಕೊಂಡು, ಗೆರೆ ಇದ್ದ ಕಡೆ ಮಡಚಿ, ಒಂದರೊಳಗೆ ಒಂದು ತೂರಿಸುತ್ತಾ ಹೋಗಬೇಕು. ಇದು ನಮ್ಮ ನೋಟ್‌ಬುಕ್ ಹಾಳೆಯಂಥ ಕಾಗದ ಅಲ್ಲ. ನೀರು ಬಿದ್ದರೆ ನೆನೆಯುವುದಿಲ್ಲ, ಎಳೆದರೆ ಸುಲಭಕ್ಕೆ ಹರಿಯುವುದಿಲ್ಲ. ಅದರ ಜೀವ ಇರುವುದು ಸಾಸಿವೆ ಕಾಳಿನಂಥ ಒಂದು ಪುಟ್ಟ ಗಾಜಿನ ಗುಂಡಿನಲ್ಲಿ. ಇಡೀ ಮೈಕ್ರೋಸ್ಕೋಪಿಗೆ ಲೆನ್ಸ್ ಅಂತ ಇರುವುದು ಅದೊಂದೇ. 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಸುಮಾರು 2 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಂತರದಲ್ಲಿರುವ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ತೋರಿಸಬಲ್ಲದು. ಸ್ಲೈಡ್ ತೂರಿಸಿ, ಕಣ್ಣಿಗೆ ತೀರಾ ಹತ್ತಿರ ಹಿಡಿದು, ಬೆಳಕಿನ ಕಡೆ ಮುಖ ಮಾಡಿ, ಹೆಬ್ಬೆರಳಲ್ಲಿ ಮೆಲ್ಲಗೆ ಜರುಗಿಸಿದರೆ ಫೋಕಸ್ ಸಿಗುತ್ತದೆ. ಲ್ಯಾಬ್‌ನ ಗಾಜಿನ ಸ್ಲೈಡ್ ಕೂಡ ಇದಕ್ಕೆ ಆಗುತ್ತದೆ.

ಒಂದೇ ಲೆನ್ಸ್ ಅಂದಾಗ ಪಾಠದಲ್ಲಿ ಒಂದು ಒಳ್ಳೆಯ ಜಾಗ ಸಿಗುತ್ತದೆ. ರಾಬರ್ಟ್ ಹುಕ್ 1665ರಲ್ಲಿ ಬೆಂಡಿನ ಚೂರಿನಲ್ಲಿ ಕೋಶ ನೋಡಿದ್ದು, ಲ್ಯೂವೆನ್‌ಹುಕ್ 1674ರಲ್ಲಿ ನೀರಿನಲ್ಲಿ ಜೀವಂತ ಕೋಶ ನೋಡಿದ್ದು ಮಕ್ಕಳಿಗೆ ಇಸವಿ ಸಮೇತ ಬಾಯಿಪಾಠ. ಆದರೆ ಆ ಲ್ಯೂವೆನ್‌ಹುಕ್ ಬಟ್ಟೆ ವ್ಯಾಪಾರಿ ಅಂತಲೂ, ಅವನು ಬಳಸಿದ್ದು ತಾನೇ ಮಾಡಿಕೊಂಡ ಒಂಟಿ ಲೆನ್ಸಿನ ಚಿಕ್ಕ ಉಪಕರಣ ಅಂತಲೂ ಹೇಳಿದರೆ ಮಕ್ಕಳು ತಮ್ಮ ಕೈಯಲ್ಲಿರುವುದನ್ನು ಮತ್ತೊಮ್ಮೆ ತಿರುಗಿಸಿ ನೋಡುತ್ತಾರೆ. ನೆದರ್ಲೆಂಡ್ಸ್ ದೇಶದ ಡೆಲ್ಫ್ಟ್ ಅನ್ನುವ ಊರಿನಲ್ಲಿ ಕೂತು ಅವನು ನೋಡಿದ್ದನ್ನು ನಾವು ಇಲ್ಲಿ ಕೂತು ನೋಡುತ್ತಿದ್ದೇವೆ ಅನ್ನುವುದು ಅವರಿಗೆ ತುಂಬಾ ಇಷ್ಟವಾಗುವ ವಿಷಯ.

ಮಡಚುವ ಕೆಲಸಕ್ಕೆ ಎರಡು ಪಿರಿಯಡ್ ಒಟ್ಟಿಗೆ ತಗೊಳ್ಳಿ. ಒಂದು ಪಿರಿಯಡ್ ಸಾಲಲ್ಲ. ಸೂಚನೆಗಳೆಲ್ಲ ಚಿತ್ರದಲ್ಲಿ, ಬಣ್ಣದಲ್ಲಿ ಇವೆ. ಇದು ನಮ್ಮಂಥ ಶಾಲೆಗೆ ದೊಡ್ಡ ಅನುಕೂಲ. ಇಂಗ್ಲಿಷ್ ಓದಲು ಬರಲ್ಲ ಅಂತ ಯಾರೂ ಹಿಂದೆ ಉಳಿಯುವುದಿಲ್ಲ. ನಮ್ಮಲ್ಲಿ ಮೊದಲು ಮುಗಿಸಿದವರು ಅಂಕದಲ್ಲಿ ಮುಂದಿರುವವರಲ್ಲ. ಮನೆಯಲ್ಲಿ ಬೀಡಿ, ಊದುಬತ್ತಿ ಅಂತ ಬೆರಳಿನ ಕೆಲಸ ಮಾಡಿ ಅಭ್ಯಾಸ ಇದ್ದ ಹುಡುಗಿಯರು ಸರಸರ ಮುಗಿಸಿ ಪಕ್ಕದವರಿಗೆ ಹೇಳಿಕೊಡುತ್ತಿದ್ದರು. ತರಗತಿಯಲ್ಲಿ ಗದ್ದಲ ಇರುತ್ತದೆ. ಇರಲಿ ಬಿಡಿ. ಪಕ್ಕದ ಕೋಣೆಯವರಿಗೆ ಮೊದಲೇ ಒಂದು ಮಾತು ಹೇಳಿಟ್ಟರೆ ಆಯಿತು.

ಪ್ರತಿ ಮಗುವೂ ತಾನೇ ಮಡಚಿದ್ದರ ಮೇಲೆ ತನ್ನ ಹೆಸರು ಬರೆಯುತ್ತದೆ. ಈ ಉಪಕರಣ ಮಕ್ಕಳಲ್ಲಿ ಹುಟ್ಟಿಸುವ ಉತ್ಸಾಹಕ್ಕೆ ಮುಖ್ಯ ಕಾರಣ ಇದೇ ಅಂತ ನನ್ನ ನಂಬಿಕೆ. ಆಟದ ಮೂಲಕ ಕಲಿಕೆ ಅಂತ ನಾವು ಏನೇನೋ ಮಾಡುತ್ತೇವೆ. ಕ್ವಿಜ್, ಹಾಡು, ಸ್ಮಾರ್ಟ್ ಟಿವಿಯಲ್ಲಿ ಅನಿಮೇಷನ್. ನಾನೂ ಮಾಡುತ್ತೇನೆ, ಅವೂ ಬೇಕು. ಆದರೆ ಹದಿನಾಲ್ಕು ಹದಿನೈದರ ಮಕ್ಕಳಿಗೆ ಮಜಾ ಕೊಟ್ಟರೆ ಸಾಲದು, ಜವಾಬ್ದಾರಿ ಕೊಡಬೇಕು. ಟಿವಿಯಲ್ಲಿ ಪ್ಯಾರಮೀಸಿಯಂ ಅನ್ನುವ ಏಕಕೋಶ ಜೀವಿ ಓಡಿದರೆ ಅವರು ನೋಡುವವರು. ತಾನು ತಂದ ನೀರಿನಲ್ಲಿ, ತಾನು ಮಡಚಿದ ಮೈಕ್ರೋಸ್ಕೋಪಿನಲ್ಲಿ, ತಾನು ಫೋಕಸ್ ಮಾಡಿದಾಗ ಅದು ಓಡಿದರೆ ಅದನ್ನು ಹುಡುಕಿದವರು ಅವರೇ.

ಈರುಳ್ಳಿ ಸಿಪ್ಪೆಯ ದಿನದ ಒಂದು ಸಂಗತಿ ಹೇಳಬೇಕು. ನಾನು ಒಂದೇ ನಿಯಮ ಇಟ್ಟಿದ್ದೆ. ಕಂಡದ್ದನ್ನು ಮಾತ್ರ ಬರೆಯಬೇಕು, ಪುಸ್ತಕ ಮುಚ್ಚಿರಬೇಕು. ಒಬ್ಬ ಹುಡುಗಿ ಇಟ್ಟಿಗೆ ಗೋಡೆಯ ಹಾಗೆ ಕೋಶಗಳನ್ನು ಚೆನ್ನಾಗಿ ಬರೆದಳು. ಆಮೇಲೆ ಪೆನ್ಸಿಲ್ ಹಿಡಿದು ಸುಮ್ಮನೆ ಕೂತಳು. "ಮೇಡಂ, ನ್ಯೂಕ್ಲಿಯಸ್ ಕಾಣ್ತಾ ಇಲ್ಲ. ಪುಸ್ತಕದಲ್ಲಿ ಇದೆಯಲ್ಲ, ಹಾಕಿಬಿಡ್ಲಾ?" ಅಂದಳು. "ನಿನಗೆ ಕಂಡಿಲ್ಲ ಅಂದ್ಮೇಲೆ ಹಾಕಬೇಡ" ಅಂದೆ. ಅವಳಿಗೆ ಅದು ಸರಿ ಅನ್ನಿಸಲಿಲ್ಲ. ಅಂಕ ಹೋಗುತ್ತದೆ ಅನ್ನುವ ಭಯ. "ಹಾಗಾದ್ರೆ ಯಾಕೆ ಕಾಣಲ್ಲ?" ಅಂತ ಕೇಳಿದಳು. ನನಗೆ ಬೇಕಾಗಿದ್ದ ಪ್ರಶ್ನೆ ಅದೇ. ಅದೇ ಸಿಪ್ಪೆಯ ಇನ್ನೊಂದು ತುಂಡಿಗೆ ಒಂದು ಹನಿ ಅಯೋಡಿನ್ ಹಾಕಿ ಕೊಟ್ಟೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದಳು. ಪ್ರತಿ ಕೋಶದ ಒಂದು ಬದಿಗೆ ಕಂದು ಹಳದಿ ಬಣ್ಣದ ಗುಂಡನೆಯ ಚುಕ್ಕೆ. ಚಿತ್ರದಲ್ಲಿ ಅವಳು ಅದನ್ನು ನಡುವೆ ಹಾಕಲಿಲ್ಲ, ಕಂಡ ಹಾಗೆ ಅಂಚಿಗೇ ಹಾಕಿದಳು. ಬಣ್ಣ ಯಾಕೆ ಹಾಕುತ್ತೇವೆ ಅನ್ನುವುದನ್ನು ಎಷ್ಟೋ ಸಲ ಬೋರ್ಡಿನ ಮೇಲೆ ಬರೆಸಿದ್ದೇನೆ. ಆ ತರಗತಿಗೆ ಬರೆಸುವ ಅಗತ್ಯವೇ ಬರಲಿಲ್ಲ.

ಇನ್ನು ನಮ್ಮ ಊರಿಗೆ ಹೊಂದುವ ವಿಷಯ. ನಮ್ಮ ಕಡೆ ತೆಂಗು ಬೆಳೆಯುವವರಿಗೆ ನುಸಿ ಅಂದರೆ ಗೊತ್ತಿಲ್ಲದ ಮನೆ ಇಲ್ಲ. 1990ರ ದಶಕದ ಕೊನೆಗೆ ದಕ್ಷಿಣದ ತೆಂಗಿನ ಸೀಮೆಗೆ ಬಂದ ಪೀಡೆ ಅದು. ಎಳೆ ಹರಳಿನ, ಅಂದರೆ ತೆಂಗಿನ ಮಿಡಿಕಾಯಿಯ, ತೊಟ್ಟಿನ ಹತ್ತಿರದ ಎಸಳುಗಳ ಅಡಿಯಲ್ಲಿ ಸೇರಿಕೊಂಡು ರಸ ಹೀರುತ್ತದೆ. ಮೊದಲು ತ್ರಿಕೋನದ ಹಾಗೆ ಒಂದು ತಿಳಿ ಮಚ್ಚೆ, ಆಮೇಲೆ ಅದು ಕಂದಾಗಿ, ಸಿಪ್ಪೆ ಒಡೆದು, ಕಾಯಿ ಸಣ್ಣದಾಗುತ್ತದೆ. ಮಕ್ಕಳು ಹುಟ್ಟಿದಾಗಿನಿಂದ ನುಸಿ ಬಿದ್ದ ಕಾಯಿ ನೋಡಿದ್ದಾರೆ. ನುಸಿಯನ್ನು ಯಾರೂ ನೋಡಿಲ್ಲ. ಅದರ ಉದ್ದ ಸುಮಾರು 0.2 ಮಿಲಿಮೀಟರ್, ಬರಿಗಣ್ಣಿಗೆ ಸಿಕ್ಕೀತು ಅನ್ನುವ ಹಾಗಿಲ್ಲ.

ಒಬ್ಬ ಹುಡುಗ ಕೇಳದೇ ಒಂದು ಚೀಲ ಹರಳು ತಂದ. ನಾನು ಬ್ಲೇಡಿನಲ್ಲಿ ಎಸಳು ಬಿಡಿಸಿಕೊಟ್ಟೆ. ಅಡಿಯ ಬಿಳಿ ಭಾಗವನ್ನು ಸೂಜಿಯಲ್ಲಿ ಮೆಲ್ಲಗೆ ಕೆರೆದು, ಒಂದು ಹನಿ ನೀರಿನಲ್ಲಿ ಹಾಕಿ, ಸ್ಲೈಡ್ ಮಾಡಿದೆವು. ಸ್ವಲ್ಪ ಹೊತ್ತು ಏನೂ ಇಲ್ಲ, ಬರೀ ನಾರಿನ ಚೂರು. ಆಮೇಲೆ "ಮೇಡಂ, ಮಿಸುಕ್ತಾ ಇದೆ!" ಅಂತ ಕೂಗು. ಅರೆಪಾರದರ್ಶಕವಾದ, ಉದ್ದನೆಯ, ಹುಳದಂಥ ಮೈ. ಬಾಲದ ಕಡೆ ಸಣ್ಣಗೆ ಆಗುತ್ತಾ ಹೋಗುತ್ತದೆ. ತಲೆಯ ಹತ್ತಿರ ಮಾತ್ರ ಕಾಲುಗಳು. ಎಣಿಸಿ ಅಂದೆ. ನಾಲ್ಕು. ನುಸಿಗಳು ಜೇಡದ ಬಳಗ, ಹಾಗಾಗಿ ಎಂಟು ಕಾಲು ಇರಬೇಕಿತ್ತು. ಆದರೆ ಈ ಜಾತಿಯ ನುಸಿಗೆ ಇರುವುದು ಎರಡೇ ಜೊತೆ. ವರ್ಗೀಕರಣದ ಪಾಠದಲ್ಲಿ ಸಂಧಿಪದಿಗಳ (ಕೀಲುಗಾಲಿನ ಜೀವಿಗಳ) ಬಗ್ಗೆ ಅವತ್ತು ನಡೆದಷ್ಟು ಜಗಳ ಬೇರೆ ಯಾವತ್ತೂ ನಡೆದಿಲ್ಲ. "ಎಂಟು ಇರ್ಬೇಕು, ಸರಿಯಾಗಿ ನೋಡೋ" ಅಂತ ಒಬ್ಬ, "ನೀನೇ ಬಂದು ಎಣಿಸು" ಅಂತ ಇನ್ನೊಬ್ಬ. 0.2 ಮಿಲಿಮೀಟರ್ 140 ಪಟ್ಟು ಆದರೆ 28 ಮಿಲಿಮೀಟರ್ ಅಂತ ಗಣಿತ ಮಾಡಿ, ಸ್ಕೇಲ್ ಇಟ್ಟು ಅಷ್ಟೇ ಉದ್ದಕ್ಕೆ ಚಿತ್ರ ಬರೆದರು.

ಆ ಹುಡುಗನ ತಾತ ಮಾರನೇ ದಿನ ಶಾಲೆಯ ಹತ್ತಿರ ಬಂದರು. ಮೊಮ್ಮಗ ರಾತ್ರಿಯೆಲ್ಲ ಅದೇ ಮಾತಾಡಿದನಂತೆ. ಅವರಿಗೆ ಒಂಟಿ ಕಣ್ಣಿಗೆ ಹಿಡಿದು ನೋಡುವುದು ಕಷ್ಟವಾಯಿತು. ಅದಕ್ಕೆ ಲೆನ್ಸಿನ ಮೇಲೆ ಬರುವ ಅಯಸ್ಕಾಂತದ ತುಂಡಿನಿಂದ ಫೋಲ್ಡ್‌ಸ್ಕೋಪನ್ನು ನನ್ನ ಮೊಬೈಲ್ ಕ್ಯಾಮೆರಾಗೆ ಅಂಟಿಸಿ ತೋರಿಸಿದೆ. ತುಂಬಾ ಹೊತ್ತು ನೋಡಿದರು. "ಅಲ್ಲ ಮೇಡಂ, ನಾವು ಇಷ್ಟು ವರ್ಷ ಬೇರಿಗೆ ಔಷಧಿ ಕಟ್ಟಿದ್ದು ಇದಕ್ಕಾ?" ಅಂದರು. ಆಮೇಲೆ ಅವರೇ ಮಕ್ಕಳಿಗೆ ಬೇವಿನೆಣ್ಣೆ ಸಿಂಪಡಿಸಿದ್ದು, ಬೇರಿಗೆ ಔಷಧಿ ಹೇಗೆ ಕಟ್ಟುತ್ತಾರೆ ಅನ್ನುವುದು, ಯಾವ ಮರಕ್ಕೆ ಜಾಸ್ತಿ ಬೀಳುತ್ತದೆ, ಎಲ್ಲ ಹೇಳಿದರು. ನಾನು ಕೂತು ಕೇಳಿದೆ. ನನ್ನ ತರಗತಿಯಲ್ಲಿ ನಡೆದ ಅತಿ ಒಳ್ಳೆಯ ಪಾಠಗಳಲ್ಲಿ ಅದೂ ಒಂದು.

ಹತ್ತನೇ ತರಗತಿಯಲ್ಲಿ ಪತ್ರರಂಧ್ರ, ಅಂದರೆ ಎಲೆಯ ಮೇಲಿನ ಸಣ್ಣ ರಂಧ್ರ, ನೋಡುವುದಕ್ಕೂ ಇದು ಬಹಳ ಚೆನ್ನ. ಎಲೆಯ ಅಡಿಭಾಗಕ್ಕೆ ನೈಲ್ ಪಾಲಿಶ್ ಅಥವಾ ಫೆವಿಕಾಲ್ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಕಿತ್ತರೆ ಅಚ್ಚು ಸಿಗುತ್ತದೆ. ಅದನ್ನು ಸೆಲ್ಲೋಟೇಪಿನಲ್ಲಿ ಸ್ಲೈಡಿಗೆ ಅಂಟಿಸಿ. ಅವರೆ ಎಲೆಯದನ್ನೂ ರಾಗಿ ಎಲೆಯದನ್ನೂ ಅಕ್ಕಪಕ್ಕ ಇಟ್ಟು ನೋಡಲು ಹೇಳಿ. ಅವರೆಯಲ್ಲಿ ರಂಧ್ರದ ಎರಡೂ ಬದಿಯ ಕಾವಲು ಕೋಶಗಳು ಕಿಡ್ನಿ ಆಕಾರ, ರಾಗಿಯಲ್ಲಿ ಡಂಬೆಲ್ ಆಕಾರ, ಅದೂ ಸಾಲಾಗಿ. ಪುಸ್ತಕದ ಚಿತ್ರದಲ್ಲಿ ಇರುವುದು ಕಿಡ್ನಿ ಆಕಾರದ್ದು ಮಾತ್ರ. ತಮ್ಮ ಹೊಲದ ರಾಗಿ ಬೇರೆ ಥರ ಇದೆ ಅಂತ ಮಕ್ಕಳೇ ಕಂಡುಕೊಳ್ಳುತ್ತಾರೆ. ಕೆರೆಯ ಹಸಿರು ಪಾಚಿಯಲ್ಲಿ ಸ್ಪೈರೋಗೈರಾ ಸಿಕ್ಕರೆ ಸುರುಳಿ ಸುರುಳಿ ಹಸಿರು ಪಟ್ಟಿ ಸ್ಪಷ್ಟವಾಗಿ ಕಾಣುತ್ತದೆ. ಪ್ಯಾರಮೀಸಿಯಂ ಬೇಕಾದರೆ ಕೆರೆ ನೀರಿನಲ್ಲಿ ರಾಗಿ ಹುಲ್ಲು ಹಾಕಿ ಕೆಲವು ದಿನ ಬಿಡಿ. ಅದು ತುಂಬಾ ಜೋರಾಗಿ ಓಡುತ್ತದೆ, ಹಿಂದೆ ಹಿಂದೆ ಹೋಗಲು ಆಗುವುದಿಲ್ಲ. ಸ್ಲೈಡಿನ ಹನಿಯಲ್ಲಿ ಎರಡೆಳೆ ಹತ್ತಿ ಬಿಡಿಸಿ ಹಾಕಿದರೆ ಎಳೆಗಳ ನಡುವೆ ಸಿಕ್ಕಿ ನಿಧಾನ ಆಗುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಆಗದೇ ಇರುವುದನ್ನೂ ಹೇಳಬೇಕು. ಎಂಟನೇ ತರಗತಿಯವರಿಗೆ ಮೊಸರಿನ ಬ್ಯಾಕ್ಟೀರಿಯಾ ತೋರಿಸುತ್ತೇನೆ ಅಂತ ಮಾತು ಕೊಡಬೇಡಿ. 140 ಪಟ್ಟಿನಲ್ಲಿ ಅವು ಚುಕ್ಕೆಗಿಂತ ಹೆಚ್ಚಾಗಿ ಕಾಣುವುದಿಲ್ಲ. ಬೆಳಕು ವಸ್ತುವಿನ ಮೂಲಕ ಹಾದು ಬರಬೇಕು, ಹಾಗಾಗಿ ಇಡೀ ಇರುವೆಯನ್ನೋ ದಪ್ಪ ಎಲೆಯನ್ನೋ ಇಟ್ಟರೆ ಬರೀ ಕಪ್ಪು. ಇರುವೆಯ ಕಾಲು, ನೊಣದ ರೆಕ್ಕೆ ಇಡಿ, ಚೆನ್ನಾಗಿರುತ್ತದೆ. ಗುಂಡು ಲೆನ್ಸ್ ಆದ್ದರಿಂದ ನಡುವೆ ಸ್ಪಷ್ಟ, ಅಂಚಿನಲ್ಲಿ ಮಸುಕು. ಮೋಡ ಕವಿದ ದಿನ ಕಿಟಕಿಯ ಬೆಳಕು ಸಾಲದು. ಎಲ್ಲಕ್ಕಿಂತ ಮುಖ್ಯವಾಗಿ, ಬೆಳಕಿನ ಕಡೆ ಹಿಡಿ ಅಂದರೆ ಮಕ್ಕಳು ಮೊದಲು ಹಿಡಿಯುವುದು ಸೂರ್ಯನ ಕಡೆಗೆ. ಹಾಳೆ ಬಿಚ್ಚುವ ಮೊದಲೇ ಈ ವಿಷಯದಲ್ಲಿ ಗಟ್ಟಿಯಾಗಿ ಎಚ್ಚರಿಕೆ ಕೊಡಿ. ಮರದ ನೆರಳಿನಿಂದ ತೆರೆದ ಆಕಾಶದ ಕಡೆ, ಇಲ್ಲವೇ ಬಿಳಿ ಗೋಡೆಯ ಕಡೆ ಹಿಡಿಯಲಿ. ಕಣ್ಣು ನೋವಿನ ಸೀಸನ್‌ನಲ್ಲಿ ಒಬ್ಬರದನ್ನು ಒಬ್ಬರು ಬಳಸದಂತೆ ನೋಡಿಕೊಳ್ಳಿ. ತಮ್ಮ ತಮ್ಮದೇ ಇದ್ದರೆ ಈ ತೊಂದರೆಯೂ ಇಲ್ಲ.

ಎಸ್‌ಎಸ್‌ಎಲ್‌ಸಿ ಫಲಿತಾಂಶ ಏರುತ್ತಾ ಅಂತ ಎಚ್‌ಎಂಗಳು ಕೇಳುತ್ತಾರೆ. ಅದರಿಂದಲೇ ಏರುತ್ತದೆ ಅಂತ ನಾನು ಹೇಳಲಾರೆ. ಪಾಸಾಗಲು ಬೇಕಾದಷ್ಟು ಮುಖ್ಯ ಪ್ರಶ್ನೆಗಳನ್ನು ಓದಿಸುವ ಪಾಸಿಂಗ್ ಪ್ಯಾಕೇಜ್‌ಗೆ ಇದು ಬದಲಿ ಅಲ್ಲ. ಆದರೆ "ಚಿತ್ರ ಬರೆದು ಭಾಗಗಳನ್ನು ಗುರುತಿಸಿ" ಅನ್ನುವ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುತ್ತಿದ್ದ ಮಕ್ಕಳು ಈಗ ಪೆನ್ಸಿಲ್ ಹಿಡಿಯುತ್ತಾರೆ. ವಿಜ್ಞಾನದ ಪಿರಿಯಡ್‌ಗೆ ತಪ್ಪಿಸಿಕೊಳ್ಳುವವರು ಕಡಿಮೆಯಾಗಿದ್ದಾರೆ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ಬೆಂಕಿಪೊಟ್ಟಣದಲ್ಲಿ ಏನಾದರೂ ಇಟ್ಟುಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳು ಬರುತ್ತವೆ, ಅವನ್ನು ಗೋಡೆಯ ಮೇಲಿನ ಚಾರ್ಟಿನಲ್ಲಿ ಬರೆದಿಡುತ್ತೇವೆ. ದಾಸವಾಳದ ಪರಾಗಕ್ಕೆ ಯಾಕೆ ಮುಳ್ಳು ಇದೆ ಅನ್ನುವ ಪ್ರಶ್ನೆಗೆ ಇಡೀ ತರಗತಿ ತುಂಬೆ, ಚೆಂಡು ಹೂವು, ಮುಸುಕಿನ ಜೋಳದ ಪರಾಗ ಎಲ್ಲ ತಂದು ಹೋಲಿಸಿತು. ಗಾಳಿಯಲ್ಲಿ ಹಾರುವ ಮುಸುಕಿನ ಜೋಳದ ಪರಾಗ ನುಣುಪು, ಹಕ್ಕಿ, ಚಿಟ್ಟೆ ಹೊತ್ತೊಯ್ಯುವ ದಾಸವಾಳದ್ದು ಮುಳ್ಳು. ಅಲ್ಲಿಂದ ಮುಂದೆ ನಾನು ಹೇಳಿಕೊಡುವುದು ಏನೂ ಉಳಿಯಲಿಲ್ಲ.

ಮನೆಗೆ ಕೊಟ್ಟರೆ ಕಳೆದುಹಾಕುತ್ತಾರೆ ಅನ್ನುವ ಆತಂಕ ಸಹಜ. ಕೆಲವು ಕಳೆದಿವೆ, ಒಂದೆರಡರ ಲೆನ್ಸ್ ಬಿದ್ದುಹೋಗಿದೆ, ಒಂದನ್ನು ಒಬ್ಬ ಹುಡುಗನ ಪುಟ್ಟ ತಮ್ಮ ಕಚ್ಚಿದ. ಅಷ್ಟನ್ನು ಲೆಕ್ಕಕ್ಕೆ ಹಿಡಿದೇ ತರಿಸಬೇಕು. ಬೀರುವಿನಲ್ಲಿ ಭದ್ರವಾಗಿ ಕೂತ ಸೂಕ್ಷ್ಮದರ್ಶಕಕ್ಕಿಂತ ತಮ್ಮ ಕಚ್ಚಿದ ಫೋಲ್ಡ್‌ಸ್ಕೋಪ್ ಮಕ್ಕಳಿಗೆ ಹೆಚ್ಚು ಕಲಿಸಿದೆ.

ಕೊಳ್ಳುವವರಿಗೆ ಎರಡು ಮಾತು. ನಾವು ತರಿಸುವಾಗ ಎರಡು ಥರದ ಕಿಟ್ ಬರುತ್ತಿತ್ತು. ಡಿಲಕ್ಸ್‌ನಲ್ಲಿ ತಗಡಿನ ಡಬ್ಬಿ, ಚಿಮಟ, ಸ್ಲೈಡ್, ಪುಟ್ಟ ದೀಪ ಎಲ್ಲ ಇತ್ತು, ಬೆಲೆಯೂ ಜಾಸ್ತಿ. ಅದು ಟೀಚರಿಗೆ ಒಂದು ಇದ್ದರೆ ಸಾಕು. ಮಕ್ಕಳಿಗೆ ಬೇಸಿಕ್ ಕಿಟ್ ಸಗಟಾಗಿ ತರಿಸಿ. ಹಾಗೆ ತಂದರೆ ಒಂದಕ್ಕೆ ಬೀಳುವುದು ಕೆಲವು ನೂರು ರೂಪಾಯಿ. ಬಿಡಿಯಾಗಿ ಮಾರುವ ಯಾರೋ ಒಬ್ಬರ ಹತ್ತಿರ ಮೊದಲು ಒಂದು ತರಿಸಿದಾಗ ನಾನು ಸುಮ್ನೆ ಜಾಸ್ತಿ ದುಡ್ಡು ಕೊಟ್ಟೆ. ಬೆಲೆ ಹೋಲಿಸಿ, ಫೋಲ್ಡ್‌ಸ್ಕೋಪ್‌ನವರಿಂದಲೇ ನೇರವಾಗಿ ತರಿಸುವುದು ಒಳ್ಳೆಯದು. ನಮ್ಮಲ್ಲಿ ಅರ್ಧ ಖರ್ಚನ್ನು ಹಳೆಯ ವಿದ್ಯಾರ್ಥಿಗಳು ಕೊಟ್ಟರು, ಉಳಿದದ್ದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೂಲಕ ದಾನಿಗಳಿಂದ ಬಂತು. ಯಾರ ಹತ್ತಿರವೂ ಬಲವಂತ ಮಾಡಬೇಕಾಗಲಿಲ್ಲ. ಒಂದು ಸ್ಲೈಡ್ ತೋರಿಸಿದರೆ ಸಾಕಾಗುತ್ತಿತ್ತು.

ಆರ್ಡರ್ ಮಾಡುವುದಾದರೆ ಬೇಸಿಗೆ ರಜೆಯಲ್ಲೇ ಮಾಡಿ. ಜೂನ್‌ನಲ್ಲಿ ಶಾಲೆ ಶುರುವಾಗಿ, ಮಳೆ ಬಿದ್ದು, ಹೊಂಡಗಳಲ್ಲಿ ನೀರು ನಿಲ್ಲುವ ಹೊತ್ತಿಗೆ ಮಕ್ಕಳ ಕೈಯಲ್ಲಿ ಇದು ಇರಬೇಕು. ನೋಡುವುದಕ್ಕೆ ಅತಿ ಹೆಚ್ಚು ಸಿಗುವುದು ಆಗಲೇ.